ಸರಸ್ವತಮ್ಮನ ಯಜಮಾನರು

"ತಗೊಳ್ಳಿ ಅಣ್ಣಾ, ಕಾಫಿ," ಎಂದು ಸರಸ್ವತಮ್ಮ ಲೋಟವನ್ನು ಮುಂದಿಟ್ಟಳು. ರಾಮಾಂಜಿನಪ್ಪ ತಲೆ ಎತ್ತಲಿಲ್ಲ. ಹೆಂಡತಿಯ ಬಾಯಲ್ಲಿ ಅಣ್ಣ ಅನ್ನಿಸಿಕೊಂಡ ಗಂಡಸು ಯಾವ ಮುಖ ಇಟ್ಟುಕೊಂಡು ಅವಳನ್ನು ನೋಡಬೇಕು ಅನ್ನುವುದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಕಳೆದ ವಾರ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ನಿಂತಾಗಿನಿಂದ ಅವಳ ಪಾಲಿಗೆ ಅವಳ ಗಂಡ ತೀರಿಕೊಂಡಿದ್ದಾನೆ. ಈ ಮನೆಯಲ್ಲಿ ಓಡಾಡಿಕೊಂಡಿರುವ ಮುದುಕ ಯಾರೋ ದೂರದ ನೆಂಟ. ಸಾವಿಗೆ ಬಂದವನು, ಬಸ್ಸು ತಪ್ಪಿತೋ ಏನೋ, ಉಳಿದುಕೊಂಡಿದ್ದಾನೆ. ನೆಂಟನನ್ನು ಅವಳು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಳು. ಅದೇ ಅವನಿಗೆ ತಡೆಯಲಾಗದ್ದು. ಬೈದಿದ್ದರೆ, ಹೊರಗೆ ಹೋಗು ಅಂದಿದ್ದರೆ, ತಾನೂ ಒಂದು ಮಾತು ಎತ್ತರಿಸಿ ಆಡಬಹುದಿತ್ತು. ಅವನು ಒಂದು ಗುಟುಕು ಕುಡಿದ. ಪಾಯಸದ ಹಾಗಿತ್ತು. ಗಂಡನಿಗೆ ಸಕ್ಕರೆ ಕಾಯಿಲೆ, ಅವರ ಕಾಫಿಗೆ ಸಕ್ಕರೆ ಹಾಕಬಾರದು ಅನ್ನುವುದು ಅವಳಿಗೆ ಇವತ್ತಿಗೂ ನೆನಪಿತ್ತು. ಇದು ನೆಂಟನ ಕಾಫಿ, ಅದಕ್ಕೇ ಧಾರಾಳವಾಗಿ ಹಾಕಿದ್ದಳು. "ಸಾಕಾ ಸಿಹಿ?" ಎಂದು ಕೇಳಿದಳು. "ಸಾಕಮ್ಮ," ಅಂದ. ಲೋಟ ಖಾಲಿಯಾಗುವವರೆಗೂ ಅವಳು ಎದುರಿಗೇ ನಿಂತಿದ್ದರಿಂದ ಅವನು ಪೂರ್ತಿ ಕುಡಿಯಬೇಕಾಯಿತು.

ಅಂಗಿಯ ಒಳಜೇಬಿನಲ್ಲಿ ಕರವಸ್ತ್ರದ ಗಂಟು ಎದೆಗೆ ಒತ್ತುತ್ತಿತ್ತು. ಅವಳ ತಾಳಿ, ಕಾಲುಂಗುರ. ಇವತ್ತು ಡಾಕ್ಟರಮ್ಮ ಹೇಳುತ್ತಾರೆ. ಮರೆವಿನ ಕಾಯಿಲೆಯ ಹೊಸ ಔಷಧಿಗೆ ಸರಸ್ವತಮ್ಮನನ್ನು ಸೇರಿಸಿಕೊಳ್ಳುತ್ತಾರೋ ಇಲ್ಲವೋ, ಅಷ್ಟೇ ವಿಷಯ. ಸೇರಿಸಿಕೊಂಡರೆ ಔಷಧಿ ತಲೆಯೊಳಗೆ ಹೋಗುತ್ತದೆ. ಹೋದರೆ ಒಂದಲ್ಲ ಒಂದು ಬೆಳಿಗ್ಗೆ ಅವಳು ಅವನ ಮುಖ ನೋಡಿ, ಹಿಂದೆಲ್ಲ ಕರೆಯುತ್ತಿದ್ದ ಹಾಗೆ "ಏನೂಂದ್ರೆ" ಅನ್ನುತ್ತಾಳೆ. ಆ ಬೆಳಿಗ್ಗೆ ಗಂಟು ಬಿಚ್ಚಿದರಾಯಿತು. ಇದಕ್ಕಿಂತ ದೊಡ್ಡದೇನನ್ನೂ ಅವನು ದೇವರ ಹತ್ತಿರವೂ ಕೇಳಿಕೊಂಡಿರಲಿಲ್ಲ. ಮಹಡಿಯ ಮೇಲಿಂದ ಮಗಳು ಬಿಂದು ಕೂಗಿದಳು: "ಅಪ್ಪಾ, ಆಟೋ ಬರ್ತಿದೆ. ಅಮ್ಮಂಗೆ ಚಪ್ಪಲಿ ಹಾಕಿಸು. ನಿನ್ನ ಅಂಗಿ ಗುಂಡಿ ನೋಡ್ಕೊ ಮೊದ್ಲು, ಮೇಲೆ ಕೆಳಗೆ ಹಾಕಿರ್ತೀಯ." ನೋಡಿಕೊಂಡ. ಮೇಲೆ ಕೆಳಗೇ ಹಾಕಿದ್ದ.

ಆಟೋದಲ್ಲಿ ಸರಸ್ವತಮ್ಮ ಒಂದು ಅಂಚಿಗೆ ಮುದುರಿ ಕೂತು, ತನಗೂ ಅವನಿಗೂ ನಡುವೆ ಮಗಳನ್ನು ಕೂರಿಸಿಕೊಂಡಳು. ಗಾಡಿ ಚಾಮರಾಜಪೇಟೆ ಬಿಟ್ಟು ಮಾರುಕಟ್ಟೆಯ ಕಡೆ ತಿರುಗಿದಾಗ ಹೂವು, ಕೊಳೆತ ಸೊಪ್ಪು, ನೀರು ಚಿಮುಕಿಸಿದ ಬಾಳೆಎಲೆ ಎಲ್ಲದರ ವಾಸನೆ ಒಟ್ಟಿಗೆ ಬಂತು. ಅವನ ಆಯಸ್ಸೆಲ್ಲ ಆ ವಾಸನೆಯಲ್ಲೇ ಕಳೆದಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮಾಗಡಿ ಕಡೆಯಿಂದ ಎಲೆಯ ಕಟ್ಟಿನ ಜೊತೆಗೇ ಲಾರಿಯಲ್ಲಿ ಬಂದವನು, ಊರಿನ ಅರ್ಧ ಛತ್ರಗಳ ಊಟಕ್ಕೆ ಎಲೆ ಒದಗಿಸಿದ್ದ. ಮೊದಲ ಸಲ ಡಾಕ್ಟರಮ್ಮನ ಎದುರು ಕೂತಾಗ ಅವರು ಹೇಳಿದ್ದು ಅವನಿಗೆ ಛತ್ರದ ಲೆಕ್ಕದಲ್ಲೇ ಅರ್ಥವಾಗಿತ್ತು. ಹೇಮಶ್ರೀ ಅಂತ ಅವರ ಹೆಸರು, ಬಿಂದುವಿಗಿಂತ ಚಿಕ್ಕವರು, ಕಾಗದದ ಮೇಲೆ ಕೊಳವೆಯ ಹಾಗೆ ಎರಡು ಗೆರೆ ಎಳೆದು ತೋರಿಸಿದರು. "ನೋಡಿ ಯಜಮಾನ್ರೇ, ಅಮ್ಮನ ಮೆದುಳಲ್ಲಿ ಒಂದು ಥರಾ ಕಸ ಕಟ್ಕೊಂಡಿದೆ. ಅದನ್ನ ತೆಗೆಯೋ ಔಷಧಿ ಇದೆ. ಕಷ್ಟ ಏನು ಅಂದ್ರೆ, ರಕ್ತಕ್ಕೆ ಔಷಧಿ ಹಾಕಿದ್ರೂ ಮೆದುಳಿನ ಒಳಗೆ ಹೋಗಲ್ಲ. ಮೈಯಲ್ಲಿ ಬೇರೆ ಕಡೆ ರಕ್ತನಾಳ ಸ್ವಲ್ಪ ಸಡಿಲ. ಮೆದುಳಲ್ಲಿ ಮಾತ್ರ ಅದರ ಗೋಡೆ ಬಿಗಿಯಾಗಿ ಹೆಣೆದುಬಿಟ್ಟಿದೆ. ಕಂಡಕಂಡದ್ದು ಒಳಗೆ ಬರಬಾರದು ಅಂತ." "ಮತ್ತೆ ಯಾರನ್ನ ಬಿಡುತ್ತೆ ಮೇಡಂ?" "ಬೇಕಾದ್ದನ್ನ. ಸಕ್ಕರೆ ಬಿಡುತ್ತೆ. ಕಬ್ಬಿಣದ ಅಂಶಕ್ಕೆ ಅಂತಲೇ ಒಂದು ಬಾಗಿಲು ಇದೆ. ಈ ಹೊಸ ಔಷಧಿಯನ್ನ ಆ ಬಾಗಿಲಲ್ಲೇ ತೂರೋ ಹಾಗೆ ಮಾಡಿದ್ದಾರೆ." "ಗೊತ್ತಾಯ್ತು ಬಿಡಿ. ಮದುವೆ ಛತ್ರಕ್ಕೆ ನೆಂಟರ ಗುಂಪಿನ ಜೊತೆ ಸೇರ್ಕೊಂಡು ನುಗ್ಗೋರ ಥರ." ಡಾಕ್ಟರಮ್ಮ ನಕ್ಕುಬಿಟ್ಟಿದ್ದರು. "ಹಂಗೇ. ಆದ್ರೆ ಇದು ಉಂಡು ಹೋಗಕ್ಕೆ ಬರಲ್ಲ, ಪಾತ್ರೆ ತೊಳೆಯಕ್ಕೆ ಬರುತ್ತೆ." ಆಮೇಲೆ ನಗು ನಿಲ್ಲಿಸಿ, "ಇದಿನ್ನೂ ಪರೀಕ್ಷೆ ಮಾಡ್ತಾ ಇರೋ ಔಷಧಿ. ಹೋಗಿರೋ ನೆನಪು ವಾಪಸ್ ಬರುತ್ತೆ ಅಂತ ನಾನು ಹೇಳ್ತಿಲ್ಲ. ಇನ್ನಷ್ಟು ಹೋಗೋದು ನಿಧಾನ ಆಗಬಹುದು, ಅಷ್ಟೇ," ಅಂದಿದ್ದರು. ಬಿಂದು ತಲೆ ಆಡಿಸಿದಳು. ಅವನೂ ಆಡಿಸಿದ. ಆದರೆ ಬಾಗಿಲೊಂದಿದೆ ಅನ್ನುವ ಮಾತು ಕಿವಿಯೊಳಗೆ ಹೋಗಿ ಕೂತ ಮೇಲೆ ಹಿಂದಿನಿಂದ ಬಂದ ಈ ಮಾತಿಗೆ ಅಲ್ಲಿ ಜಾಗ ಇರಲಿಲ್ಲ.

ಆಸ್ಪತ್ರೆಯಲ್ಲಿ ಅದೇ ಬೆಂಚು. ಸರಸ್ವತಮ್ಮ ಮಗಳ ಭುಜಕ್ಕೆ ಒರಗಿ ಕಣ್ಣು ಮುಚ್ಚಿದಳು. ಎದುರಿನ ಬಾಗಿಲ ಹಿಂದೆ, ಸ್ಕ್ಯಾನಿಂಗಿಗೂ ಮೊದಲು ಅವಳಿಗೆ ಪ್ರಶ್ನೆ ಕೇಳಿದ ಕೋಣೆ. ಅವತ್ತು ಅವನು ಅದನ್ನು ಪರೀಕ್ಷೆ ಅಂದುಕೊಂಡಿದ್ದ. ಪಾಸಾದರೆ ಔಷಧಿ, ಫೇಲಾದರೆ ಮನೆಗೆ. ಹಿಂದಿನ ದಿನವೆಲ್ಲ ಅವಳನ್ನು ಎದುರಿಗೆ ಕೂರಿಸಿಕೊಂಡು ಇದು ಯಾವ ತಿಂಗಳು, ಇದು ಯಾವ ಊರು ಎಂದು ಬಾಯಿಪಾಠ ಮಾಡಿಸಿದ್ದ. ಕೋಣೆಯಲ್ಲಿದ್ದ ಹುಡುಗಿ ಮೊದಲು ಅವನನ್ನೇ ಕೇಳಿದಳು: "ಇವರು ಯಾವಾಗಾದ್ರೂ ಮನೆ ದಾರಿ ತಪ್ಪಿದ್ದಾರಾ?" "ಇಲ್ಲಮ್ಮ, ಅಂಥದ್ದೇನೂ ಇಲ್ಲ," ಎಂದ, ಹೆಣ್ಣು ನೋಡಲು ಬಂದವರೆದುರು ಹುಡುಗಿಯ ಕಡೆಯವರು ಹೇಳುವ ಹಾಗೆ. ಹೇಳುವಾಗಲೇ ಎರಡನೇ ಕ್ರಾಸಿನ ಇಡ್ಲಿ ಅಂಗಡಿ ಕಣ್ಣ ಮುಂದಿತ್ತು. ಕೈಯಲ್ಲಿ ಕೊತ್ತಂಬರಿ ಕಟ್ಟು ಹಿಡಿದುಕೊಂಡು ಅವಳು ಆ ಅಂಗಡಿಯ ಮುಂದೆ, ಬಿಸಿಲಲ್ಲಿ, ಯಾವ ಕಡೆಗೂ ಕಾಲು ಎತ್ತಿಡಲಾಗದೆ ನಿಂತಿದ್ದಳು. ಅವನು ಅಂಗಡಿಗೆ ಬಂದವರೆಲ್ಲ ತಿರುಗಿ ನೋಡುವ ಹಾಗೆ ಗದರಿದ್ದ. "ಕಣ್ಣು ಕಾಣ್ಸಲ್ವಾ ನಿಂಗೆ? ಇಲ್ಲೇ ಮನೆ ಇಟ್ಕೊಂಡು ಊರ್ ಸುತ್ತೀಯಾ?" ಅವಳು ಇಡ್ಲಿ ತಿನ್ನುತ್ತಿದ್ದವರ ಕಡೆ ಒಂದು ಸಲ ನೋಡಿ, ನಿಧಾನವಾಗಿ, "ನೀವು ಈ ಕಡೆ ಬರ್ತೀರೇನೋ ಅಂತ ಕಾಯ್ತಿದ್ದೆ," ಅಂದಿದ್ದಳು. ಅವನ ಮರ್ಯಾದೆಯನ್ನೂ ತನ್ನದನ್ನೂ ಒಂದೇ ಮಾತಲ್ಲಿ ಮುಚ್ಚಿದ್ದಳು. ಅದಾಗಿ ಮೂರು ವರ್ಷ. "ತಪ್ಪಿದ್ದಾರೆ, ಅಪ್ಪ ಮರೆತಿದ್ದಾರೆ," ಎಂದು ಬಿಂದು ಹೇಳಿದಾಗ ಆ ಹುಡುಗಿ ಅವನನ್ನು ನೋಡದೆ ಬರೆದುಕೊಂಡಳು. ಆಮೇಲೆ ಸರಸ್ವತಮ್ಮನನ್ನು ಕೇಳಿದಳು: "ನಿಮ್ಮ ಯಜಮಾನ್ರ ಹೆಸರೇನಮ್ಮ?" ಸರಸ್ವತಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಮತ್ತೆ ಕೇಳಿದರೂ ಹೇಳಲಿಲ್ಲ. ಮದುವೆಯಾದ ಹೊಸದರಲ್ಲಿ ಹೊಸಿಲು ತಡೆದು ನಾದಿನಿಯರು ಎಷ್ಟು ಪೀಡಿಸಿದರೂ ಹೇಳದ ಹೆಸರು ಅದು. ಗಂಡನ ಹೆಸರು ಹೇಳುವ ಹೆಂಗಸಲ್ಲ ಅವಳು. ಇದು ಮರೆವೋ ನಾಚಿಕೆಯೋ ಅಂತ ಆ ಹುಡುಗಿಗೆ ಗೊತ್ತಾಗುವುದು ಹೇಗೆ? ಅವನಿಗೂ ಗೊತ್ತಾಗಲಿಲ್ಲ. ನಾಚಿಕೆಯೇ ಅಂದುಕೊಂಡ. ಅವತ್ತು ಮನೆಗೆ ಹೋಗುವಾಗ ಅವನು ಬಹಳ ದಿನಗಳ ಮೇಲೆ ಹಗುರವಾಗಿದ್ದ.

"ಕರೀತಾರೆ, ಐದು ನಿಮಿಷ," ಎಂದು ನರ್ಸು ಹೇಳಿ ಹೋದಳು. ಇವಳೇ ಕಳೆದ ವಾರ ಸ್ಕ್ಯಾನಿಂಗ್ ಕೋಣೆಯ ಹತ್ತಿರ ಇದ್ದವಳು. ಮೈಮೇಲೆ ಹಾಕಿರೋದೆಲ್ಲ ತೆಗೀಬೇಕು, ದೊಡ್ಡ ಅಯಸ್ಕಾಂತದ ಮೆಷಿನ್ನು, ಅಂದಿದ್ದಳು. ಆಗ ಬಿಂದು ಬಿಲ್ ಕಟ್ಟಲು ಕೆಳಗೆ ಹೋಗಿದ್ದಳು. ಪಕ್ಕದ ಮನೆಯ ನರಸಮ್ಮ ಮೊದಲೇ ಅವನಿಗೆ ತಾಕೀತು ಮಾಡಿದ್ದಳು: "ಮುತ್ತೈದೆ ಕತ್ತು ಒಂದು ಗಳಿಗೇನೂ ಬರಿದು ಇರಬಾರ್ದು ಕಣಣ್ಣ. ಮೊದ್ಲು ಅರಿಶಿನದ ಕೊಂಬು ದಾರಕ್ಕೆ ಕಟ್ಟಿ ಹಾಕಿ, ಆಮೇಲೆ ತಾಳಿ ತೆಗೀರಿ." ಕೊಂಬು ಕಟ್ಟಿದ ದಾರ ಅವನ ಜೇಬಿನಲ್ಲೇ ಇತ್ತು. ಆದರೆ ಮೆಷಿನ್ನು ನಡೆಸುವ ಮುರುಗೇಶ ಎಂಬಾತ ಬಾಗಿಲಿಂದ ತಲೆ ಹೊರಗೆ ಹಾಕಿ, "ಯಜಮಾನ್ರೇ, ಬೇಗ ಬೇಗ, ಹಿಂದೆ ಇನ್ನೂ ಆರು ಜನ ಕಾಯ್ತಿದ್ದಾರೆ," ಅಂದ. ದೊಡ್ಡವರು ಬೇಗ ಅಂದರೆ ಅವನಿಗೆ ಮೊದಲಿನಿಂದಲೂ ಎಲ್ಲ ಹಿಂದುಮುಂದಾಗುತ್ತಿತ್ತು; ದಾರ ಜೇಬಿನಲ್ಲೇ ಉಳಿಯಿತು. ಬಳೆಗೆ ಕೈ ಹಾಕಿದ. ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. ಒತ್ತಿದ. ಹಸಿರು ಗಾಜಿನ ಬಳೆ ಅವನ ಕೈಯಲ್ಲೇ ಪಟ್ಟೆಂದು ಮುರಿಯಿತು. ಅವಳು "ಹಾ" ಅಂದಳು. ಉಳಿದವನ್ನೂ ಎಳೆದ. ಬಗ್ಗಿ ಕಾಲುಂಗುರ ಬಿಡಿಸಿದ. ಎದ್ದು ತಾಳಿಯ ಸರದ ಕೊಂಡಿ ತೆಗೆದ. ಗಾಬರಿಗೆ ಅವಳ ಮುಖದ ತುಂಬ ಬೆವರು; ಟವಲಿನಲ್ಲಿ ಒರೆಸಿದ, ಕುಂಕುಮವೂ ಹೋಯಿತು. ಆಮೇಲೆ ನೋಡಿದರೆ ಎದುರಿಗೆ ನಿಂತಿದ್ದವಳು ಬೇರೆಯೇ ಹೆಂಗಸು. ಊರಲ್ಲಿ ಸಾವಿನ ಮನೆಯಲ್ಲಿ, ಕೆರೆಯ ಹತ್ತಿರ, ವಯಸ್ಸಾದ ಹೆಂಗಸರು ಸುತ್ತ ನಿಂತು ಮಾಡುವುದನ್ನೆಲ್ಲ ಅವನು ಬದುಕಿದ್ದುಕೊಂಡು ತನ್ನ ಕೈಯಾರೆ, ಒಂದೂ ಬಿಡದೆ ಮಾಡಿ ಮುಗಿಸಿದ್ದ. ಅವಳ ಕೈ ಕತ್ತಿಗೆ ಹೋಯಿತು. ತಡವಿತು. ಮಣಿಕಟ್ಟು ತಡವಿತು. ಕಾಲು ನೋಡಿಕೊಂಡಳು. ಮೆದುಳು ಎಷ್ಟು ಬರಿದಾಗಿದ್ದರೂ ಇದು ಏನು ಅನ್ನುವುದು ಅವಳ ಮೈಗೆ ಗೊತ್ತಿತ್ತು. ಗೋಡೆಗೆ ಒರಗಿ ಕುಸಿದು, ಬಾಯಿಗೆ ಸೆರಗು ತುರುಕಿಕೊಂಡು ಅಳತೊಡಗಿದಳು.

"ಗಾಜಿನದು ಯಾಕೆ ತೆಗೆದ್ರಿ ಯಜಮಾನ್ರೇ, ಅದು ಇರಬಹುದಿತ್ತು," ಅಂದಳು ನರ್ಸು. ಅವನು ಆಗ ಜೇಬಿನಿಂದ ಅರಿಶಿನದ ಕೊಂಬು ತೆಗೆದು ಹೆಂಡತಿಯ ಕತ್ತಿಗೆ ಹಾಕಲು ಹೋದ. ಅವಳು ಅವನ ಕೈಯನ್ನು ಕೊಡವಿ ಎದ್ದು ನಿಂತಳು. "ಯಾರ್ರೀ ನೀವು? ಪರಗಂಡಸು, ಕತ್ತಿಗೆ ಕೈ ಹಾಕ್ತೀರಾ? ಮನೇಲಿ ಹೆಣ ಇಟ್ಕೊಂಡು ನಿಂತಿದ್ದೀನಿ ನಾನು." ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು. ಒಬ್ಬ ಹುಡುಗಿ ಮೊಬೈಲು ಕೆಳಗಿಟ್ಟು ಅವನನ್ನು ಕೆಟ್ಟದಾಗಿ ನೋಡಿದಳು. ನರ್ಸು ಸರಸ್ವತಮ್ಮನ ಬೆನ್ನು ಸವರಿ, "ಯಾರಮ್ಮ ಹೋದ್ರು?" ಎಂದಳು. "ನಮ್ಮೆಜಮಾನ್ರು." "ಅವರ ಹೆಸರೇನು?" "ರಾಮಾಂಜಿನಪ್ಪ," ಅಂದಳು. ತಡವರಿಸಲಿಲ್ಲ. ಅವನು ಕೈಯಲ್ಲಿ ದಾರ ಹಿಡಿದುಕೊಂಡೇ ನಿಂತುಬಿಟ್ಟ. ಅವಳ ಬಾಯಲ್ಲಿ ತನ್ನ ಹೆಸರು ಹೇಗೆ ಕೇಳಿಸುತ್ತದೆ ಅಂತ ಅವನಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದಳು, ಮಲಗಿದ ಮಗುವನ್ನು ಎಬ್ಬಿಸುವವರ ಹಾಗೆ. ಹೆಸರು ಅಲ್ಲೇ ಇತ್ತು, ಒಳಗೆ ಜೋಪಾನವಾಗಿ ಇತ್ತು. ಗಂಡ ಸತ್ತ ಮೇಲೆ ಹೇಳಲು ಅಡ್ಡಿಯಿಲ್ಲ ಅಂತ ಹೊರಗೆ ತೆಗೆದಿದ್ದಳು. "ಅಯ್ಯೋ, ಇಲ್ಲೇ ಇದ್ದಾರಲ್ಲಮ್ಮ ನಿಮ್ಮ ಯಜಮಾನ್ರು!" ಎಂದು ನರ್ಸು ನಕ್ಕಳು. ಸರಸ್ವತಮ್ಮ ಕಣ್ಣೀರು ಒರೆಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಸಿಟ್ಟು ಹೋಗಿ ಕನಿಕರ ಬಂದಿತ್ತು. "ಇವ್ರಾ? ಇವ್ರು ಯಾರೋ ಪಾಪ, ಮುದುಕ್ರು. ನಮ್ಮೆಜಮಾನ್ರು ಇಷ್ಟು ವಯಸ್ಸಾದೋರಲ್ಲ."

ಐದು ನಿಮಿಷ ಕಳೆದು ಡಾಕ್ಟರಮ್ಮನ ಕೋಣೆಗೆ ಕರೆದರು. ಡಾಕ್ಟರಮ್ಮ ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದರು. ಅದರಲ್ಲಿ ಅವಳ ಮೆದುಳು ಬೂದು ಬಣ್ಣದ್ದು, ಉದ್ದಕ್ಕೆ ಸೀಳಿದ ಹೂಕೋಸಿನ ಹಾಗಿತ್ತು. ಇದರೊಳಗೆ ತನ್ನ ಹೆಸರು ಇದೆ ಅಂತ ಅವನು ಬಗ್ಗಿ ನೋಡಿದ. "ಇಲ್ಲಿ, ಇಲ್ಲಿ, ಇಲ್ಲಿ," ಎಂದು ಅವರು ಪೆನ್ನಿನ ತುದಿಯಿಂದ ಮುಟ್ಟಿದಲ್ಲೆಲ್ಲ ಸಾಸಿವೆಯಷ್ಟು ಕಪ್ಪು ಚುಕ್ಕೆ. "ರಕ್ತ ಒಸರಿರೋ ಗುರುತು. ನಾನು ಗೋಡೆ ಅಂತ ಹೇಳಿದ್ನಲ್ಲ, ಅಮ್ಮಂದು ಅಲ್ಲಲ್ಲಿ ದುರ್ಬಲ ಆಗಿಬಿಟ್ಟಿದೆ. ಇಂಥವರಿಗೆ ಈ ಔಷಧಿ ಕೊಡೋ ಹಾಗಿಲ್ಲ." ಬಿಂದು ತಾಯಿಯ ಕೈ ಹಿಡಿದುಕೊಂಡಳು. ರಾಮಾಂಜಿನಪ್ಪ ಚುಕ್ಕೆಗಳ ಕಡೆ ಬೆರಳು ತೋರಿಸಿ ಕೇಳಿದ: "ಗೋಡೆ ಬಿರುಕು ಬಿಟ್ಟಿದ್ರೆ ಔಷಧಿ ಇನ್ನೂ ಸಲೀಸಾಗಿ ಹೋಗ್ಬೇಕಲ್ವಾ ಮೇಡಂ?" "ನೀವು ಕೇಳೋದು ಸರಿ. ಆದ್ರೆ ಹಂಗಾಗಲ್ಲ ಯಜಮಾನ್ರೇ. ಆ ಬಿರುಕಿಂದ ಬೇಡದ್ದು ಬರುತ್ತೆ, ಬೇಕಾದ್ದು ಹೋಗಲ್ಲ. ಔಷಧಿ ಕೊಟ್ರೆ ಮೆದುಳು ಊದಿಕೊಂಡು ರಕ್ತ ಜಾಸ್ತಿ ಹರಿಯಬಹುದು. ಜೀವಕ್ಕೇ ಕುತ್ತು." ಬೇಕಾದಾಗ ತೆರೆಯದೆ, ಬೇಡದಾಗ ಒಡೆದುಕೊಂಡು ಕೂತ ಆ ಗೋಡೆಯ ಮೇಲೆ ಅವನಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ, ಮೇಷ್ಟ್ರ ಮುಂದೆ ನಿಂತ ಹಾಗೆ ಕೈ ಕಟ್ಟಿಕೊಂಡು, "ನಾನು ಸುಳ್ಳು ಹೇಳಿದ್ದಕ್ಕಾ?" ಅಂದ. "ಯಾವ ಸುಳ್ಳು?" "ದಾರಿ ತಪ್ಪಿಲ್ಲ ಅಂದ್ನಲ್ಲ, ಅವತ್ತು." "ಅಪ್ಪಾ," ಅಂದಳು ಬಿಂದು. ಡಾಕ್ಟರಮ್ಮ ಪೆನ್ನು ಮುಚ್ಚಿಟ್ಟು, "ಇಲ್ಲ ಯಜಮಾನ್ರೇ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಮ್ಮಿಂದ ಏನೂ ಆಗಿಲ್ಲ," ಅಂದರು. ತನ್ನಿಂದ ಆಗಿದ್ದು ಏನು ಅನ್ನುವುದನ್ನು ಅವರಿಗೆ ಹೇಳುವ ಬಗೆ ಅವನಿಗೆ ತಿಳಿಯಲಿಲ್ಲ. ಔಷಧಿ ಕೊಡಲು ಆಗುವುದಿಲ್ಲ ಅನ್ನುವುದನ್ನು ತಿಳಿಯಲಿಕ್ಕೆ ಬೇಕಾದ ಆ ಒಂದು ಫೋಟೋಗಾಗಿ ತಾನು ಸತ್ತುಹೋದೆ ಅಂತ ಹೇಳುವುದು ಹೇಗೆ? "ಇನ್ನೇನಾದ್ರೂ ಕೇಳೋದಿತ್ತಾ?" "ಇನ್ನು ಸ್ಕ್ಯಾನಿಂಗ್ ಇರಲ್ವಲ್ಲ. ಬಳೆ ತೊಡಿಸಬಹುದಾ?" "ಬಳೆನಾ?" ಅವರು ಬಿಂದುವಿನ ಮುಖ ನೋಡಿದರು. "ಧಾರಾಳವಾಗಿ ತೊಡಿಸಿ." ಸರಸ್ವತಮ್ಮ ಆಗ ಸೆರಗಿನೊಳಗೆ ಎರಡೂ ಕೈ ಎಳೆದುಕೊಂಡು, ಡಾಕ್ಟರಮ್ಮನಿಗೆ ಮಾತ್ರ ಕೇಳುವ ಹಾಗೆ, "ನಮಗ್ಯಾಕವ್ವ ಇನ್ನು ಬಳೆ," ಎಂದಳು.

ಮನೆಗೆ ಬಂದು ಬಿಂದು ಅಡಿಗೆ ಮಾಡಿಟ್ಟು, ಮುಖ ಮುಚ್ಚಿಕೊಂಡು ಮಹಡಿಗೆ ಹೋದಳು. ಮಧ್ಯಾಹ್ನದ ಬಿಸಿಲು ಒಳಮನೆಯವರೆಗೂ ಬಂದಿತ್ತು. ರಾಮಾಂಜಿನಪ್ಪ ಮಂಚದ ಮೇಲೆ ಕೂತು ತನ್ನ ಕೈ ನೋಡಿಕೊಳ್ಳುತ್ತಿದ್ದ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು. ಸರಸ್ವತಮ್ಮ ತಟ್ಟೆ ಹಿಡಿದುಕೊಂಡು ಬಂದಳು. ಅವನ ತಟ್ಟೆಯೇ, ಅಂಚು ನೆಗ್ಗಿದ ಅಗಲದ ತಟ್ಟೆ. ಗೂಡಿನಲ್ಲಿದ್ದ ಅಷ್ಟು ತಟ್ಟೆಗಳಲ್ಲಿ ಅದನ್ನೇ ಹುಡುಕಿ ತೆಗೆದಿದ್ದಳು. ಅದರಲ್ಲಿ ಮುದ್ದೆ, ಅವರೆಕಾಳಿನ ಸಾರು. ಪಕ್ಕದಲ್ಲಿ ಒಂದು ಈರುಳ್ಳಿ. ಹೆಚ್ಚಿದ್ದಲ್ಲ, ಅವನು ತಿನ್ನುವ ಹಾಗೆ ಮುಷ್ಟಿಯಲ್ಲಿ ಗುದ್ದಿ ಒಡೆದದ್ದು. ಹೊಟ್ಟೆ ಹಸಿದಿತ್ತು. ತನಗೇ ತಂದಳು ಅಂದುಕೊಂಡು ಅವನು ಕೈ ಚಾಚಿದ. ಅವಳು ಅವನನ್ನು ಸುತ್ತಿಬಳಸಿ ಹೋಗಿ ತಟ್ಟೆಯನ್ನು ಪೂರ್ವದ ಗೋಡೆಯ ಕೆಳಗೆ ನೆಲದ ಮೇಲಿಟ್ಟಳು. ಲೋಟದಲ್ಲಿ ನೀರು ಇಟ್ಟಳು. ಎಲೆ ಅಡಿಕೆ ಇಟ್ಟಳು, ಅಡಿಕೆ ತಿಂದರೆ ಅವನಿಗೆ ಎದೆ ಉರಿಯುತ್ತದೆ ಅಂತ ಒಂದು ಚೂರನ್ನು ಬಿಟ್ಟು ಉಳಿದದ್ದನ್ನು ವಾಪಸು ತೆಗೆದುಕೊಂಡಳು. ದೀಪ ಹಚ್ಚಿ ಕೈ ಮುಗಿದಳು. ಆಗ ಅವನಿಗೆ ತಿಳಿಯಿತು. ತಿಥಿಯ ಎಡೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಹಾಕಿ, ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಹೋದವರು ಬಂದು ಉಣ್ಣುತ್ತಾರೆ. ಅವನ ಅಪ್ಪನಿಗೆ, ಅವ್ವನಿಗೆ, ಇದೇ ಕೋಣೆಯಲ್ಲಿ ಅವಳೇ ಇಟ್ಟಿದ್ದಳು.

"ಏಳಿ ಅಣ್ಣಾ, ಹೊರಗೆ ಬನ್ನಿ," ಎಂದಳು. "ಬೇರೆಯೋರು ಇದ್ರೆ ಅವ್ರು ಉಣ್ಣಲ್ಲ."

ಅವನು ಎದ್ದ. ನಾನೇ ಅವನು ಅನ್ನುವ ಒಂದು ಮಾತು ನಾಲಿಗೆಯ ತನಕ ಬಂತು. ಮುಖ ಕಾಣಲಿ ಅಂತ ಬೆಳಕಿಗೆ ತಿರುಗಿ ನಿಂತ. ಅವಳು ಅವನ ಮುಖವನ್ನು ನೋಡಿದಳು, ದಾರಿಯಲ್ಲಿ ಅಡ್ಡ ಬಂದವರು ಸರಿಯಲಿ ಅಂತ ಕಾಯುವವರ ಹಾಗೆ. ಅವನು ಸರಿದು ಹೊಸಿಲು ದಾಟಿದ. ಅವಳೂ ಹಿಂದೆ ಬಂದು ಎರಡೂ ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡಳು. ಇಬ್ಬರೂ ಪಡಸಾಲೆಯಲ್ಲಿ, ಬಾಗಿಲ ಎರಡು ಬದಿಗೆ, ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಸಂದಿಯಿಂದ ಅವರೆಕಾಳಿನ ಸಾರಿನ ವಾಸನೆ ಬರುತ್ತಿತ್ತು. ಅವಳ ಮುಖದಲ್ಲಿ ಅಳು ಇರಲಿಲ್ಲ. ಮಾರುಕಟ್ಟೆಯಿಂದ ಹೊತ್ತು ಮೀರಿ ಬಂದವನಿಗೆ ಬಡಿಸಿ ಕೂತಾಗ ಇರುತ್ತಿದ್ದ ನೆಮ್ಮದಿ ಇತ್ತು. ಒಳಗೆ ಇರುವವನ ಮೇಲೆ ರಾಮಾಂಜಿನಪ್ಪನಿಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು.

"ಮುದ್ದೆ ಆರೋಗಿರುತ್ತೆ," ಎಂದ.

"ಆರಿದ್ದೇ ಇಷ್ಟ ಅವ್ರಿಗೆ. ಬಿಸಿಯಾಗಿದ್ರೆ ಮುಟ್ಟಲ್ಲ."

ಅದು ಸುಳ್ಳು. ಮದುವೆಯಾದ ಹೊಸದರಲ್ಲಿ ಒಂದು ರಾತ್ರಿ, ಬಸುರಿ ಹೆಂಗಸು ಮತ್ತೆ ಒಲೆ ಹಚ್ಚುವುದು ಬೇಡ ಅಂತ ಅವನು ಹೇಳಿದ್ದ ಮಾತು. ಆಮೇಲೆ ತಿದ್ದಲು ಆಗಿರಲಿಲ್ಲ. ಆಯಸ್ಸಿಡೀ ತಣ್ಣಗಿನ ಮುದ್ದೆಯನ್ನೇ ಉಂಡಿದ್ದ. ಎಲ್ಲವೂ ಸೋರಿಹೋದ ಮೇಲೂ ಆ ಮಾತು ಅವಳೊಳಗೆ ನಿಂತಿತ್ತು, ನಿಜವಾಗಿ ನಿಂತಿತ್ತು.

"ಹೌದಮ್ಮ," ಎಂದ ರಾಮಾಂಜಿನಪ್ಪ. "ಅವರಿಗೆ ಆರಿದ್ದೇ ಇಷ್ಟ."

"ನಿಮಗೇನು ಗೊತ್ತು, ಸುಮ್ನಿರಿ," ಎಂದು ಸರಸ್ವತಮ್ಮ ಬಾಗಿಲಿಗೆ ಕಿವಿ ಹಚ್ಚಿದಳು. "ಉಣ್ತಾವ್ರೆ."